ಅಡಿಗುಂಡಿನ ತಂಗಿ

ಶಾಲೆಯ ಕಪಾಟಿನಲ್ಲಿ ಗೆದ್ದಲಿಗೂ ಬೇಡವಾಗಿ ಉಳಿದಿದ್ದ ಹಳೆಯ ಸಚಿತ್ರ ಪತ್ರಿಕೆಯೊಂದನ್ನು ಒಂದು ಸಂಜೆ ಮನೆಗೆ ತಂದಿದ್ದೆ. ಅದರಲ್ಲಿ ಆಸ್ಟ್ರೇಲಿಯಾದ ಬಯಲಿನ ಚಿತ್ರವಿತ್ತು. ಕೆಂಪು ನೆಲ, ಅದರ ಮೇಲೆ ಒಂದರ ಹೆಗಲೇರಿ ಒಂದು ಕೂತ ಭಾರಿ ಕಲ್ಲುಗುಂಡುಗಳು. ಅಲ್ಲಿನ ಮೂಲನಿವಾಸಿಗಳಿಗೆ ಆ ಗುಂಡುಗಳು ಪವಿತ್ರವೆಂದೂ, ಅವುಗಳ ಕಥೆಗಳಲ್ಲಿ ಕೆಲವನ್ನು ಅವರು ಹೊರಗಿನವರಿಗೆ ಹೇಳುವುದೇ ಇಲ್ಲವೆಂದೂ ಚಿತ್ರದ ಕೆಳಗೆ ಬರೆದಿತ್ತು. ಅವರೆಕಾಯಿ ಬಿಡಿಸುತ್ತ ಕೂತಿದ್ದ ಅವ್ವನಿಗೆ ಓದಿ ಹೇಳಿದೆ. ಅವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡು, ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು.

"ಎಲ್ಲಾದಕ್ಕಿಂತ ಕೆಳಗೈತಲ್ಲ, ಅದನ್ನ ಯಾರು ತಗೊಂಡವ್ರಂತೆ?"

"ಅದನ್ನ ಬರ್ದಿಲ್ಲ ಕಣವ್ವ."

"ಮುಖ್ಯವಾದದ್ದನ್ನೇ ಬರ್ದಿಲ್ಲ ನೋಡು," ಎಂದು ಪತ್ರಿಕೆಯನ್ನು ನನ್ನ ತೊಡೆಯ ಮೇಲಿಟ್ಟು ಅವರೆಕಾಯಿಗೆ ಹಿಂತಿರುಗಿದಳು.

ಈ ಪ್ರಶ್ನೆ ಅರ್ಥವಾಗಬೇಕಾದರೆ ನಮ್ಮೂರಿನ ತವರುಗುಂಡಿನ ವೃತ್ತಾಂತ ತಿಳಿದಿರಬೇಕು. ನಮ್ಮೂರು ಕಡೂರಿನಿಂದ ಚೌಳಹಿರಿಯೂರಿನ ಕಡೆಗೆ ಹೋಗುವ ಬಸ್ಸಿನಿಂದಿಳಿದು, ಇಳಿದದ್ದಕ್ಕೆ ಪಶ್ಚಾತ್ತಾಪ ಪಡುವಷ್ಟು ದೂರ ನಡೆದರೆ ಸಿಗುತ್ತಿತ್ತು. ಕೆರೆ ಏರಿಯಾಚೆ, ರಾಗಿ ಹೊಲಗಳ ನಡುವೆ, ಯಾರೋ ದೊಡ್ಡ ಗಾಡಿಯಿಂದ ಸುರಿದು ಮರೆತು ಹೋದ ಹಾಗೆ ಒಂದು ಕಲ್ಲುಗುಂಡುಗಳ ರಾಶಿ. ಒಂದು ಮಲಗಿದ ಎತ್ತಿನಂತೆ, ಒಂದು ಅವಸರದಲ್ಲಿ ಕಟ್ಟಿದ ರಾಗಿಮುದ್ದೆಯಂತೆ, ಒಂದು ಕುಪ್ಪಸ ಒಣಹಾಕಲು ಹೇಳಿ ಮಾಡಿಸಿದಂತೆ. ಎಲ್ಲದರ ನೆತ್ತಿಯ ಮೇಲೆ ಎರಡು ಉದ್ದನೆಯ ಗುಂಡುಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಅವಕ್ಕೆ ಮಾತ್ರ ಸುಣ್ಣ ಕೆಮ್ಮಣ್ಣಿನ ಪಟ್ಟೆ. ಭೂಗರ್ಭಶಾಸ್ತ್ರದ ಪ್ರಕಾರ ಇಂಥ ಕಲ್ಲುಗಳಿಗೆ ಕೋಟ್ಯಂತರ ವರ್ಷ ವಯಸ್ಸು ಎಂದು ನಾನು ಮೇಷ್ಟ್ರಾದ ಹೊಸದರಲ್ಲಿ ಅಪ್ಪನಿಗೆ ತಿಳಿಸಿದ್ದೆ. "ಇರ್ಬೋದು. ನಮ್ಮಜ್ಜನ ಕಾಲ್ದಿಂದ್ಲೂ ಅದಾವೆ," ಎಂದು ಅಪ್ಪ ವಿಜ್ಞಾನವನ್ನು ಪುರಸ್ಕರಿಸಿದ್ದರು.

ಗಂಡಸರ ತಿಳಿವಳಿಕೆ ಇಷ್ಟಿತ್ತು: ಮೇಲಿನವೆರಡು ಅಕ್ಕ ತಂಗಿಯರು ಎಂಬ ದೇವತೆಗಳು, ಅವರಿಗೆ ಗುಡಿಯಿಲ್ಲ, ಪೂಜಾರಿಯಿಲ್ಲ, ಗೌರಿ ಹಬ್ಬದ ಬೆಳಿಗ್ಗೆ ಹೆಂಗಸರು ಅಲ್ಲಿಗೆ ಹೋಗಿ ಏನೋ ಮಾಡಿ ಬರುತ್ತಾರೆ, ಅಂದು ಗಂಡಸರು ಕೆರೆ ಏರಿ ದಾಟುವಂತಿಲ್ಲ. ಆ 'ಏನೋ' ಏನೆಂದು ಯಾರೂ ಕೇಳಿರಲಿಲ್ಲ. ಹಬ್ಬದ ಬೆಳಿಗ್ಗೆ ಹೊಲಕ್ಕೆ ಹೋಗದಿರಲು ದೈವಪ್ರೇರಿತವಾದ ಕಾರಣವೊಂದು ತಾನಾಗಿ ಒದಗಿರುವಾಗ ಅದನ್ನು ಕೆದಕುವ ಮೂರ್ಖರು ನಮ್ಮ ಪೈಕಿ ಇರಲಿಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮೂರಿಗೆ ಜಲ್ಲಿ ರಸ್ತೆ ಮಂಜೂರಾಯಿತು. ಇದು ಅಪ್ಪನ ದಿಗ್ವಿಜಯ. ಊರಿನ ಹಿರಿಯರೆಂಬ ಪದವಿಯನ್ನು ಯಾರೂ ಕೊಡದಿದ್ದರೂ ಹೊತ್ತುಕೊಂಡಿದ್ದ ಅಪ್ಪ, ಆ ರಸ್ತೆಗಾಗಿ ಕಡೂರಿನ ತಾಲ್ಲೂಕು ಕಚೇರಿಯ ಬೆಂಚನ್ನು ಎಷ್ಟು ವರ್ಷ ಸವೆಸಿದ್ದರೆಂದರೆ, ಅದರ ಒಂದು ತುದಿಯ ಖಾತೆ ತಮ್ಮ ಹೆಸರಿಗೇ ಆಗಬೇಕೆಂದು ತಮಾಷೆ ಮಾಡುತ್ತಿದ್ದರು. ರಸ್ತೆಗೆ ಜಲ್ಲಿ ಬೇಕು, ಜಲ್ಲಿಗೆ ಕಲ್ಲು ಬೇಕು, ಹತ್ತಿರದ ಕಲ್ಲೆಂದರೆ ತವರುಗುಂಡು. ಸ್ಥಳ ನೋಡಲು ಅಮಲ್ದಾರರೇ ಜೀಪಿನಲ್ಲಿ ಬಂದರು. ಹುದ್ದೆಯ ಹೆಸರು ತಹಶೀಲ್ದಾರ್ ಎಂದಾಗಿ ಎಷ್ಟೋ ಕಾಲವಾಗಿದ್ದರೂ ನಮ್ಮವರಿಗೆ ಅವರು ಅಮಲ್ದಾರರೇ. ಸಜ್ಜನರು. ಸುಣ್ಣದ ಪಟ್ಟೆ ಕಂಡು ತಾವಾಗಿಯೇ ಚಪ್ಪಲಿ ಬಿಟ್ಟು ಕೇಳಿದರು:

"ಇದ್ರಲ್ಲಿ ದೇವರು ಯಾವ್ಯಾವುದು ಹೇಳಿ ಗೌಡ್ರೇ. ದೇವರನ್ನ ಒಡೆಸಿದೆ ಅನ್ನೋ ಪಾಪ ನನಗೆ ಬೇಡ."

ಅಪ್ಪ ಊರಿನ ಸಮಸ್ತ ಗಂಡಸರ ಮುಂದೆ, ಸಾಕ್ಷಿಕಟ್ಟೆ ಹತ್ತಿದವರ ಗಾಂಭೀರ್ಯದಿಂದ ಬೆರಳೆತ್ತಿ ತೋರಿಸಿದರು. "ಎಲ್ಡೇ ಸ್ವಾಮಿ. ಅಗೋ ಆ ಮೇಲಿನವು."

"ಮಿಕ್ಕಿದ್ದು?"

"ಮಿಕ್ಕಿದ್ದು ಕಲ್ಲು."

ಗಂಡಸರೆಲ್ಲ ತಲೆಯಾಡಿಸಿದರು. ನಾನೂ ಅವರಲ್ಲೊಬ್ಬನಾಗಿ ಆಡಿಸಿದೆ. ಎರಡು ಗುಂಡುಗಳನ್ನು ಮುಟ್ಟದೆ ಉಳಿದದ್ದನ್ನು ಒಡೆಯತಕ್ಕದ್ದೆಂದು ತೀರ್ಮಾನವಾಯಿತು. ಉಳಿದದ್ದರ ಮೇಲೆಯೇ ಆ ಎರಡೂ ನಿಂತಿವೆ ಎಂಬ ಸಣ್ಣ ವಿಚಾರ ಯಾರಿಗೂ ಹೊಳೆಯಲಿಲ್ಲ. ದೇವರು ಹೇಗಾದರೂ ನಿಲ್ಲುತ್ತಾರೆ ಎಂಬ ಭಕ್ತಿ ಇದ್ದಿರಬೇಕು.

ಆ ಸಂಜೆ ಊಟಕ್ಕೆ ಕೂತು ಅಪ್ಪ ತಮ್ಮ ವಿಜಯವನ್ನು ವಿವರಿಸಿದರು. ಅವ್ವ ಸಾರಿನ ಸೌಟು ಹಿಡಿದವಳು ಹಾಗೇ ನಿಂತಳು.

"ಎಲ್ಡು ಅಂತ ಹೇಳಿದ್ರಾ?"

"ಹೂಂ. ಎಲ್ಡು ತಾನೇ?"

"ಏನ್ರೀ, ಆ ಎಲ್ಡು ಹಬ್ಬಕ್ಕೆ ಬಂದಿರೋ ಹೆಣ್ಮಕ್ಳು. ಬಂದೋರು ಅಂತ ಸುಣ್ಣ ಕೆಮ್ಮಣ್ಣು ಬಳೀತೀವಿ. ಮಿಕ್ಕಿದ್ದು ಅವ್ರ ಮನೆ, ಅಪ್ಪ, ಅವ್ವ, ಅಣ್ಣತಮ್ಮಂದ್ರು. ಮನೇನ ಮನೇವ್ರ ಸಮೇತ ಒಡೆದ್ಹಾಕಿ, ನೆಂಟ್ರನ್ನ ಮಾತ್ರ ಉಳಿಸ್ತೀವಿ ಅಂತ ಹೇಳಿ ಬಂದ್ರಲ್ಲ!"

ಅಪ್ಪ ತುತ್ತನ್ನು ತಟ್ಟೆಗೆ ಬಿಟ್ಟರು. ಹೆಂಗಸರ 'ಏನೋ' ಏನೆಂಬುದು ನಮ್ಮ ಮನೆಯ ಗಂಡಸರಿಗೆ ತಿಳಿದದ್ದು ಆ ಸಂಜೆ, ಸಾರಿಲ್ಲದ ಮುದ್ದೆಯ ಎದುರಿಗೆ.

ಸಂಗತಿ ಹೀಗಿತ್ತು. ಹಬ್ಬಕ್ಕೆ ತವರಿನಿಂದ ಮಡಿಲಕ್ಕಿ ಬರುವುದು ಮದುವೆಯಾದ ಹೆಣ್ಣಿನ ಹಕ್ಕು. ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ, ಒಂದು ಕುಪ್ಪಸದ ಕಣ. ಅಣ್ಣನೋ ತಮ್ಮನೋ ತಂದುಕೊಟ್ಟರೆ ಅವಳು ಸೆರಗೊಡ್ಡಿ ತುಂಬಿಸಿಕೊಳ್ಳಬೇಕು. ತವರಿನಲ್ಲಿ ಯಾರೂ ಉಳಿಯದ ಹೆಣ್ಣು ಏನು ಮಾಡಬೇಕು? ನಮ್ಮೂರಿನ ಹೆಂಗಸರು ಇದಕ್ಕೆ ಅದೆಷ್ಟೋ ತಲೆಮಾರಿನ ಹಿಂದೆಯೇ ದಾರಿ ಕಂಡುಕೊಂಡಿದ್ದರು. ಅಂಥವಳು ತವರುಗುಂಡಿಗೆ ಹೋಗಿ ಒಂದು ಕಲ್ಲನ್ನು ಅಣ್ಣ ಎಂದು ತೆಗೆದುಕೊಳ್ಳುತ್ತಾಳೆ. ಇನ್ನೊಬ್ಬಳು ಆ ಕಲ್ಲಿನ ಮೇಲೆ ಅಕ್ಕಿ ಬೆಲ್ಲ ಇಟ್ಟು, "ನಿಮ್ಮಣ್ಣ ಕೊಟ್ಟವ್ನೆ ತಗೊಳ್ಳೇ" ಎಂದು ಅವಳ ಮಡಿಲು ತುಂಬುತ್ತಾಳೆ. ಕಲ್ಲಿನ ಮರೆಯಲ್ಲಿ, ನೆಲದ ಕಡೆಗೆ, ಗಂಡಸರ ಕಣ್ಣು ಬೀಳದಲ್ಲಿ ಒಂದು ಅರಿಶಿನದ ಬೊಟ್ಟು. ಗಂಡ ಸತ್ತವಳಿಗೂ ಅಲ್ಲಿ ಮಡಿಲಕ್ಕಿಯುಂಟು. ಗಂಡ ಹೋದರೆ ತವರೂ ಹೋಗಬೇಕೆಂಬ ಶಾಸ್ತ್ರವನ್ನು ಆ ಕಲ್ಲುಗಳಿಗೆ ಯಾರೂ ಓದಿ ಹೇಳಿರಲಿಲ್ಲ.

ನಿಯಮ ಒಂದೇ, ಅದು ಮಾತ್ರ ಕಲ್ಲಿನಷ್ಟೇ ಗಟ್ಟಿ. ಗುಂಡಿನಿಂದ ಮಡಿಲು ತುಂಬಿಸಿಕೊಂಡವಳಿಗೆ ಬೇರೆ ತವರಿಲ್ಲ. ಒಬ್ಬಳಿಗೆ ಎರಡು ತವರು ಸಲ್ಲದು.

"ಹಂಗಾದ್ರೆ ಹಿತ್ತಲಮನೆ ದೊಡ್ಡವ್ವ..." ಎಂದರು ಅಪ್ಪ.

"ಮಲಗಿದ ಎತ್ತಿನ ಥರ ಐತಲ್ಲ, ಅದು ಅವ್ರಣ್ಣ. ಅವ್ರೂರು ಪಿಳೇಗು ಬೇನೇಲಿ ಖಾಲಿಯಾದಾಗಿಂದ."

ಹಿತ್ತಲಮನೆ ದೊಡ್ಡವ್ವ ಎಂದರೆ ನಮ್ಮ ಹಿಂದಿನ ಮನೆಯ ಮುದುಕಿ, ಊರಿನಲ್ಲೆಲ್ಲ ಹಿರಿಯಳು. ಅಪ್ಪ ದೀರ್ಘವಾಗಿ ಆಲೋಚಿಸಿ, "ಚಿಕ್ಕಂದಿನಲ್ಲಿ ಅದರ ಬೆನ್ನ ಮೇಲೆ ಕೂತು ಕಡ್ಲೆಕಾಯಿ ತಿಂದಿದ್ದೀನಲ್ಲೇ ನಾನು," ಎಂದರು.

"ನೆಂಟ್ರ ಮನೇಲಿ ತಿಂದಂಗಾಯ್ತು. ಈಗ ಏನ್ಮಾಡ್ತೀರಿ ಹೇಳಿ."

ಅಪ್ಪ ಏನೂ ಮಾಡುವ ಸ್ಥಿತಿಯಲ್ಲಿರಲಿಲ್ಲ. ವರ್ಷಗಟ್ಟಲೆ ಬೇಡಿ ತಂದ ರಸ್ತೆ ಒಂದು ಕಡೆ, ಸಮಸ್ತರೆದುರು ಕೊಟ್ಟ ಹೇಳಿಕೆ ಇನ್ನೊಂದು ಕಡೆ. "ನೋಡಾನ," ಎಂದರು. ಅವ್ವ ಮಾತ್ರ ನೋಡುತ್ತ ಕೂರಲಿಲ್ಲ. ಬೆಳಗಾಗುತ್ತಲೇ ಸುಣ್ಣದ ಗಡಿಗೆ ತುಂಬಿಸಿದಳು.

ಕಲ್ಲು ಒಡೆಯುವವರು ಅಜ್ಜಂಪುರದ ಕಡೆಯವರು. ಅವರ ಮೇಸ್ತ್ರಿ ಬಿಳಿ ಮೀಸೆಯ ದೃಢಕಾಯ ಮನುಷ್ಯ. ಉಳಿ ಸುತ್ತಿಗೆಗಳನ್ನು ನೆಲಕ್ಕಿಟ್ಟು, ಊದಿನಕಡ್ಡಿ ಹಚ್ಚುವಷ್ಟರಲ್ಲಿ ಹೆಂಗಸರ ದಂಡು ಎದುರಾಯಿತು. ಅವ್ವ ಮುಂದೆ, ಗಡಿಗೆ ಸೊಂಟದ ಮೇಲೆ. ನಾವು ಗಂಡಸರು ಏರಿಯ ಮೇಲೆ ನಿಂತಿದ್ದೆವು. ಹಬ್ಬವಲ್ಲದಿದ್ದರೂ ದಾಟುವ ಧೈರ್ಯ ಯಾರಿಗೂ ಬರಲಿಲ್ಲ. ಗಾಳಿ ನಮ್ಮ ಕಡೆಗೇ ಬೀಸುತ್ತಿದ್ದುದರಿಂದ ಮಾತೆಲ್ಲ ಕೇಳುತ್ತಿತ್ತು.

"ಏನಪ್ಪಾ ಮೇಸ್ತ್ರಿ, ಸುಣ್ಣ ಇರೋ ಕಲ್ಲಿಗೆ ಉಳಿ ಇಡ್ತೀಯೋ?"

"ಇಲ್ಲ ತಾಯಿ. ಸುಣ್ಣ ಹಚ್ಚಿ ಕೈ ಮುಗಿದ ಕಲ್ಲನ್ನ ನಮ್ಮ ಪೈಕಿ ಯಾರೂ ಮುಟ್ಟಾಕಿಲ್ಲ. ಎಲ್ಡೇ ಅಂತ ಹೇಳಿ ಕರೆಸವ್ರೆ."

"ಹೇಳಿದೋರಿಗೆ ಗೊತ್ತಿರ್ಲಿಲ್ಲ. ಒಂದೊಂದಕ್ಕೂ ಒಬ್ಬೊಬ್ಬ ತಂಗಿ ಅವ್ಳೆ."

ಮೇಸ್ತ್ರಿ ಮೀಸೆ ಸವರಿದ. ಪೇಟೆಯ ಗುತ್ತಿಗೆದಾರನಿಗೆ ಅವನು ಉತ್ತರ ಹೇಳಬೇಕು. "ಬರೀ ಸುಣ್ಣ ಬಳಿದು ಬೆದರಿಸೋ ಊರುಗಳನ್ನ ಬೇಕಾದಷ್ಟು ನೋಡಿವ್ನಿ ಕಣವ್ವ. ಅಂತರಘಟ್ಟಮ್ಮನ ಮೇಲೆ ಆಣೆ ಇಟ್ಟು, ಇವ್ನು ನಮ್ಮಣ್ಣ ಅಂತ ಕಲ್ಲು ಮುಟ್ಟಿ ಹೇಳ್ಲಿ. ಹೇಳಿದ್ದನ್ನ ಬಿಡ್ತೀನಿ. ಹೇಳದೆ ಉಳಿದದ್ದನ್ನ ಒಡೀತೀನಿ. ಆಗ್ಬೋದಾ?"

"ಆಗ್ಬೋದು," ಎಂದಳು ಅವ್ವ.

ಅಂತರಘಟ್ಟಮ್ಮನ ಮೇಲೆ ಸುಳ್ಳಾಣೆ ಇಟ್ಟು ದಕ್ಕಿಸಿಕೊಂಡವರು ನಮ್ಮ ಸೀಮೆಯಲ್ಲಿ ಇಲ್ಲ. ಇದ್ದಾರೆಂದು ಹೇಳಲೂ ಯಾರೂ ಇಲ್ಲ.

ದೊಡ್ಡವ್ವನೇ ಮೊದಲು ಹೋಗಿ ಮಲಗಿದ ಎತ್ತಿನ ಕತ್ತಿನ ಮೇಲೆ ಕೈಯಿಟ್ಟು ಆಣೆ ಇಟ್ಟಳು. ಆಮೇಲೆ ಒಬ್ಬೊಬ್ಬರೇ ಬಂದರು. ಇದು ನಾನು ಬರೆದಷ್ಟು ಸಲೀಸಲ್ಲ. ಊರೆದುರು ಸುಣ್ಣ ಬಳಿಯುವುದೆಂದರೆ, ನನಗೆ ಹಿಂದೆ ಮುಂದೆ ಯಾರೂ ಇಲ್ಲ ಎಂದು ತಮಟೆ ಹೊಡೆದು ಸಾರಿದ ಹಾಗೆ. ನೆಲದ ಕಡೆಗಿದ್ದ ಅರಿಶಿನದ ಬೊಟ್ಟು ಇಷ್ಟು ಕಾಲ ಆ ಮರ್ಯಾದೆಯನ್ನು ಕಾಪಾಡಿತ್ತು. ಪಂಚನಹಳ್ಳಿ ಕಡೆಯಿಂದ ಬಂದಿದ್ದ ಸೊಸೆಯೊಬ್ಬಳ ಅಣ್ಣಂದಿರು ಜೀವಂತ ಇರುವುದು ಊರಿಗೇ ಗೊತ್ತಿತ್ತು. ಅವಳೂ ಹೋಗಿ ಒಂದು ಗುಂಡನ್ನು ಮುಟ್ಟಿದಳು. ಏರಿಯ ಮೇಲೆ ಅವಳ ಗಂಡ ತಲೆ ತಗ್ಗಿಸಿದ. ಅಣ್ಣಂದಿರು ಅವಳನ್ನು ಬಿಟ್ಟುಬಿಟ್ಟಿದ್ದಾರೆಂಬುದು ನಮಗೆಲ್ಲ ಆಗ ತಿಳಿಯಿತು.

ಬಿಸಿಲು ಏರುವಷ್ಟರಲ್ಲಿ ರಾಶಿಯೆಲ್ಲ ಬಿಳಿ ಪಟ್ಟೆಯಾಯಿತು, ಒಂದರ ಹೊರತು. ಎಲ್ಲದರ ಅಡಿಯಲ್ಲಿ, ಅರ್ಧ ಮಣ್ಣಿನೊಳಗೆ ಹೂತು, ಇಡೀ ರಾಶಿಯನ್ನು ಬೆನ್ನ ಮೇಲೆ ಹೊತ್ತ ಒಂದು ಗುಂಡು ಇತ್ತು. ಅಡಿಗುಂಡು ಎಂದೇ ಅದರ ಹೆಸರು. ಮುಳ್ಳು, ಹಾವಿನ ಪೊರೆ, ಕತ್ತಲು. ಅಲ್ಲಿಗೆ ಬಗ್ಗಿ ಹೋಗಿ ಅಣ್ಣ ಎನ್ನುವ ಉಸಾಬರಿ ಯಾರೂ ಮಾಡಿರಲಿಲ್ಲ.

"ಇವ್ನಿಗೆ ಯಾರೂ ಇಲ್ವಾ?" ಎಂದ ಮೇಸ್ತ್ರಿ. ಅವನ ದನಿಯಲ್ಲಿ ಕೆಡುಕಿರಲಿಲ್ಲ, ಕೆಲಸವಿತ್ತು. "ಹಂಗಾರೆ ಇಲ್ಲಿಂದ ಶುರು ಮಾಡ್ತೀನಿ."

ಅಲ್ಲಿಂದ ಶುರುವಾದರೆ ಎಲ್ಲಿಗೆ ಮುಗಿಯುತ್ತದೆಂದು ಏರಿಯ ಮೇಲಿದ್ದ ನಮಗೂ ಹೊಳೆಯಿತು. ಅಪ್ಪ ಅಲ್ಲಿಂದಲೇ ಕೂಗಿದರು: "ಲೇ, ಯಾರಾದ್ರೂ ಒಂದು ಪಟ್ಟೆ ಎಳೀರೇ ಅದಕ್ಕೆ!"

ಅವ್ವ ತಿರುಗಿ ನೋಡಿದಳು. "ಸುಣ್ಣ ಬಳಿದ್ರೆ ಗೋಡೆ ಆಗ್ತದೆ ಕಣ್ರೀ, ಅಣ್ಣ ಆಗಲ್ಲ."

ತವರಿಲ್ಲದವರೆಲ್ಲ ಆಗಲೇ ತಂತಮ್ಮ ಗುಂಡಿಗೆ ಸಂದಿದ್ದರು. ಉಳಿದ ಹೆಂಗಸರಿಗೆಲ್ಲ ತವರಿತ್ತು; ಅದನ್ನು ಬಿಟ್ಟುಕೊಡಿ ಎಂದು ಯಾರು ಯಾರಿಗೆ ಹೇಳುವುದು? ಎಳೆಯ ಸೊಸೆಯರು ನೆಲ ನೋಡಿದರು. ಅವರಲ್ಲಿ ನನ್ನ ಹೆಂಡತಿಯೂ ಒಬ್ಬಳು. ಅವ್ವನಿಗೆ ಒಬ್ಬನೇ ತಮ್ಮ. ತರೀಕೆರೆಯಲ್ಲಿ ಪಾತ್ರೆ ಅಂಗಡಿ. ಅವ್ವ ಎತ್ತಿ ಆಡಿಸಿ ಬೆಳೆಸಿದವನು. ಗೌರಿ ಹಬ್ಬದ ಮುನ್ನಾದಿನ ಬೀರೂರು, ಕಡೂರು ಹಾದು ಬಸ್ಸು ಬದಲಿಸಿ ಬದಲಿಸಿ, ಮಡಿಲಕ್ಕಿಯ ಚೀಲ ಹೊತ್ತು ಬೆವರುತ್ತ ಬರುವುದನ್ನು ಒಂದು ವರ್ಷವೂ ತಪ್ಪಿಸಿದವನಲ್ಲ.

ಅವ್ವ ಗಡಿಗೆಯನ್ನು ಕೆಳಗಿಟ್ಟಳು. ಕಚ್ಚೆ ಬಿಗಿದು, ಬಗ್ಗಿ, ಮುಳ್ಳು ಸರಿಸಿ, ಅಡಿಗುಂಡಿನ ಹಣೆ ಮುಟ್ಟಿದಳು.

"ಅಂತರಘಟ್ಟಮ್ಮನಾಣೆ. ಇವ್ನು ನಮ್ಮಣ್ಣ."

"ಬಿಡ್ತು ಅನ್ನೇ!" ಎಂದು ದೊಡ್ಡವ್ವ ಕಿರುಚಿದಳು. "ತರೀಕೆರೇಲಿ ನಿನ್ನ ತಮ್ಮ ಗುಂಡುಕಲ್ಲಿನಂಗೆ ಅವ್ನೆ!"

"ಅದಕ್ಕೇ. ಅವ್ನು ಗಟ್ಟಿಯಾಗವ್ನೆ, ತಡ್ಕೊಂತಾನೆ. ನೀನು ಮಡಿಲು ತುಂಬು."

"ನನ್ನ ಕೈಲಿ ಆಗಾಕಿಲ್ಲ."

"ನಿನ್ನ ಅಣ್ಣ ಇವ್ನ ಬೆನ್ನ ಮೇಲೆ ಮಲಗವ್ನೆ ದೊಡ್ಡವ್ವ. ತುಂಬು."

ದೊಡ್ಡವ್ವ ತುಂಬಿದಳು. ಎಳೆಯ ಸೊಸೆಯೊಬ್ಬಳು ಮನೆಗೆ ಓಡಿಹೋಗಿ ತಂದ ಅಕ್ಕಿ ಅರ್ಧ ನೆಲಕ್ಕೆ ಚೆಲ್ಲಿತು. ಮೇಸ್ತ್ರಿ ಉಳಿ ಸುತ್ತಿಗೆಗಳನ್ನು ಗೋಣಿಗೆ ತುಂಬಿ, ಆರಿಹೋಗಿದ್ದ ಊದಿನಕಡ್ಡಿಯನ್ನು ಮತ್ತೆ ಹಚ್ಚಿ ಅಡಿಗುಂಡಿನ ಮುಂದೆ ಸಿಕ್ಕಿಸಿ ಹೊರಟ.

ಮಾರನೆಯ ದಿನ ಅಪ್ಪ ಪಂಚೆ ಬದಲಿಸಿ, ಕಡೂರಿನ ತಮ್ಮ ಬೆಂಚಿಗೆ ಹೊರಟರು. ಜೊತೆಗೆ ನಾನೂ ಹೋದೆ. ಸಮಸ್ತರೆದುರು ಆಡಿದ ಮಾತನ್ನು ಹಿಂತೆಗೆದುಕೊಳ್ಳುವುದು ಅಪ್ಪನ ಜೀವನದಲ್ಲಿ ಮೊದಲ ಸಲ. ದಾರಿಯುದ್ದಕ್ಕೂ ತುಟಿ ಅಲುಗಿಸುತ್ತ ಅಭ್ಯಾಸ ಮಾಡಿಕೊಂಡರು.

"ಸ್ವಾಮಿ, ಎಲ್ಡು ಅಂದಿದ್ದೆ. ತಪ್ಪಾಯ್ತು. ಎಲ್ಲಾನೂ."

ಅಮಲ್ದಾರರು ಕನ್ನಡಕ ಇಳಿಸಿದರು. "ಮೊನ್ನೆ ತಾನೇ ಎರಡಿತ್ತಲ್ರೀ ಗೌಡ್ರೇ?"

"ಸಂಸಾರ ಸ್ವಾಮಿ. ಬೆಳೀತದೆ."

"ಬೇರೆ ಕಡೆಯಿಂದ ಕಲ್ಲು ತರಬೇಕಾದ್ರೆ ರಸ್ತೆ ತಡವಾಗುತ್ತೆ. ಎಷ್ಟು ಅಂತ ನಾನು ಹೇಳಲಾರೆ."

ಅಪ್ಪನ ಮುಖದಲ್ಲಿ ಒಂದು ಕ್ಷಣ ಅವರ ರಸ್ತೆ ಪೂರ್ತಿ ಹಾಸಿಕೊಂಡು ಮತ್ತೆ ಸುತ್ತಿಕೊಂಡದ್ದನ್ನು ನಾನು ಕಂಡೆ. "ಆಗ್ಲಿ ಸ್ವಾಮಿ. ಬೆಂಚು ಇದ್ದೇ ಐತಲ್ಲ, ಬತ್ತಾ ಇರ್ತೀನಿ," ಎಂದರು. ಬಂದರು ಕೂಡ. ರಸ್ತೆ ಎಂಬತ್ತರ ದಶಕ ಶುರುವಾದ ಮೇಲೆ, ಇನ್ನೊಂದು ಗುಡ್ಡದ ಜಲ್ಲಿಯಲ್ಲಿ ಆಯಿತು.

ಇಷ್ಟಕ್ಕೆ ಎಲ್ಲವೂ ಸುಖಾಂತವೆಂದು ಊರು ಭಾವಿಸಿತು. ಗೌರಿ ಹಬ್ಬ ಬಂತು. ಮುನ್ನಾದಿನ ಮಾವ, ಅಂದರೆ ಅವ್ವನ ತಮ್ಮ, ಚೀಲ ಹೊತ್ತು ಬಂದು ಜಗುಲಿಯ ಮೇಲೆ ಕೂತ. ಅವ್ವ ನೀರು ಕೊಟ್ಟಳು, ಮಕ್ಕಳ ಕ್ಷೇಮ ವಿಚಾರಿಸಿದಳು, ಅವನಿಗೆ ಇಷ್ಟವೆಂದು ಹುರಿಟ್ಟು ಕಲೆಸಿಕೊಟ್ಟಳು. ಅವನು ಚೀಲ ಬಿಚ್ಚಿ, "ಸೆರಗೊಡ್ಡಕ್ಕ," ಎಂದಾಗ ಕೈ ಕಟ್ಟಿಕೊಂಡು ನಿಂತಳು. ನಡೆದದ್ದನ್ನೆಲ್ಲ ಹೇಳಿದಳು.

ಮಾವನಿಗೆ ಮೊದಲು ನಗು ಬಂತು. ಆಮೇಲೆ ಬರಲಿಲ್ಲ.

"ನಾನು ಸತ್ತೋದ್ನೇನಕ್ಕ?"

"ಬಿಡ್ತು ಅನ್ನೋ! ನೂರು ವರ್ಷ ಬಾಳು."

"ಒಂದು ಕಲ್ಲಿಗೋಸ್ಕರ ನನ್ನ ಬಿಟ್ಬಿಟ್ಯಾ?"

"ಒಂದಕ್ಕಲ್ಲ ಕಣೋ. ಅದರ ಮೇಲೆ ಕೂತಿರೋವಕ್ಕೆ. ಆಣೆ ಇಟ್ಟಾಯ್ತು. ನಿನ್ನಕ್ಕಿ ತಗೊಂಡ್ರೆ ಆಣೆ ಸುಳ್ಳಾಗ್ತದೆ."

"ಯಾರು ನೋಡ್ತಾರೆ ಇಲ್ಲಿ?"

"ನಾನು ನೋಡ್ತೀನಲ್ಲ."

ಅಪ್ಪ ನಡುವೆ ಬಂದು, ಈ ವಿಷಯದಲ್ಲಿ ತಾವು ಅಮಲ್ದಾರರೊಡನೆ ಮಾತಾಡಬಲ್ಲೆವೆಂದರು. ಮಾವ ಚೀಲದ ಬಾಯಿ ಕಟ್ಟಿ, ಚಪ್ಪಲಿ ಮೆಟ್ಟಿ, ತಿರುಗಿ ನೋಡದೆ ನಡೆದುಬಿಟ್ಟ. ಅವ್ವ ತಡೆಯಲಿಲ್ಲ. ಒಲೆಯ ಮುಂದೆ ಕೂತು, ಉರಿಯುತ್ತಲೇ ಇದ್ದ ಒಲೆಯನ್ನು ಊದತೊಡಗಿದಳು.

ನಾನು ಹಿಂದೆಯೇ ಹೋದೆ. ಮಾವ ಬಸ್ಸಿನ ದಾರಿ ಹಿಡಿಯದೆ ಏರಿ ದಾಟಿ ನೇರ ತವರುಗುಂಡಿಗೆ ನಡೆದ. ಅಡಿಗುಂಡಿನ ಎದುರು ಚೀಲ ಕುಕ್ಕಿ, ಸೊಂಟದ ಮೇಲೆ ಕೈಯಿಟ್ಟು ಅದನ್ನು ಮೇಲಿಂದ ಕೆಳಗೆ ನೋಡಿದ. ವ್ಯಾಪಾರಿಯ ನೋಟ; ತೂತು ಬಿದ್ದ ಕೊಳದಪ್ಪಲೆಯನ್ನು ನೋಡುವಂಥದು. ಬೈಯುತ್ತಾನೆಂದುಕೊಂಡೆ. ಅವನು ನನ್ನ ಕಡೆ ತಿರುಗಿದ.

"ಅಲ್ಲ ಕಣೋ ಮೇಷ್ಟ್ರೇ, ಇವ್ನು ಅಕ್ಕನಿಗೆ ಅಣ್ಣ ಅಂದ್ರೆ ನಂಗೇನಾದ?"

ನಾನು ಲೆಕ್ಕ ಹಾಕಿದೆ. "ನಿನಗೂ ಅಣ್ಣನೇ ಆದ ಮಾವ."

"ಅಣ್ಣ ಕೊಡೋ ಮಡಿಲಕ್ಕೀನ ತಮ್ಮ ಹೊತ್ತು ತಂದ್ರೆ ತಪ್ಪಾ?"

ಇದು ನನ್ನ ಯೋಗ್ಯತೆಗೆ ಮೀರಿದ ಪ್ರಶ್ನೆಯಾದ್ದರಿಂದ ದೊಡ್ಡವ್ವನನ್ನು ಕರೆತಂದೆ. ಅವಳು ಕೋಲೂರಿ ಬಂದು, ಎಲ್ಲ ಕೇಳಿ, ಯಾವ ಹೈಕೋರ್ಟೂ ತೆಗೆದುಕೊಳ್ಳದಷ್ಟು ಸಮಯ ತೆಗೆದುಕೊಂಡು ತೀರ್ಪಿತ್ತಳು: ತಪ್ಪಿಲ್ಲ. ಆದರೆ ಚೀಲ ಅಣ್ಣನ ಮುಂದೆ ಇಳಿಯಬೇಕು, ಅಕ್ಕನ ಮುಂದಲ್ಲ. ಬೆಳಿಗ್ಗೆ ಅವನ ಕಡೆಯಿಂದ ಮಡಿಲು ತುಂಬುವವಳು ತಾನು. ತಮ್ಮ ಆ ಹೊತ್ತಿಗೆ ಅಲ್ಲಿ ಇರಕೂಡದು. ಕೊಟ್ಟೆ ಎಂದು ಹೇಳಿಕೊಳ್ಳಲೂ ಕೂಡದು.

"ತಂದವ್ನು ನಾನು, ಹೆಸರು ಇವ್ನದಾ?" ಎಂದ ಮಾವ.

"ದೊಡ್ಡಣ್ಣ ಇರೋ ಮನೇಲೆಲ್ಲಾ ಹಂಗೇ ಕಣಪ್ಪಾ," ಎಂದಳು ದೊಡ್ಡವ್ವ.

ಮಾವ ಚೀಲದಿಂದ ಕುಪ್ಪಸದ ಕಣವನ್ನು ತೆಗೆದು ಧೂಳು ಬೀಳದ ಹಾಗೆ ಮೇಲಕ್ಕಿಟ್ಟು, ಕಲ್ಲಿಗೆ ಹೇಳಿದ: "ತಗೊಳಣ್ಣ. ಕೆಡಿಸ್ಬೇಡ, ಒಳ್ಳೆ ಬಟ್ಟೆ ಐತೆ."

ಅವ್ವ ತನ್ನ ಮಾತನ್ನು ಕೊನೆಯ ತನಕ ನಡೆಸಿದಳು. ಬೆಲೆಯನ್ನೂ ತೆತ್ತಳು. ತರೀಕೆರೆಯಲ್ಲಿ ಮಾವನ ಮಗಳ ಮದುವೆಯಾದಾಗ ಮನೆಮಗಳಾಗಿ ಕಳಶ ಹಿಡಿಯಬೇಕಾದವಳು ಚಪ್ಪರದಲ್ಲಿ ನೆಂಟರ ಸಾಲಿನಲ್ಲಿ ಕೂತು, ಎಲೆ ಅಡಿಕೆ ತೆಗೆದುಕೊಂಡು ಎದ್ದು ಬಂದಳು. ಬಸ್ಸಿನಲ್ಲಿ ಕಡೂರಿನ ತನಕ ಕಿಟಕಿಯ ಹೊರಗೇ ನೋಡುತ್ತಿದ್ದಳು. ನಾನು ಏನೋ ಹೇಳಹೊರಟೆ. "ಕಲ್ಲು ಬಿಸಿಲು ಕಂಡೈತೆ, ಇದನ್ನೂ ಕಾಣ್ತದೆ ಬಿಡು," ಎಂದಳು. ಯಾರನ್ನು ಕುರಿತು ಹೇಳಿದಳೋ ಗೊತ್ತಾಗಲಿಲ್ಲ.

ಜಲ್ಲಿ ರಸ್ತೆ ಬಂದ ಮೇಲೆ ಬಸ್ಸು ಊರೊಳಗೇ ಬರತೊಡಗಿತು. ರಸ್ತೆ ತವರುಗುಂಡಿನ ಬಳಿ, ಯಾವ ನಕ್ಷೆಯಲ್ಲೂ ಇಲ್ಲದ ಒಂದು ಬಾಗು ಬಾಗಿ ಮುಂದೆ ಹೋಗುತ್ತದೆ. ಆ ಬಾಗನ್ನು ಕಚೇರಿಯಿಂದ ಕೊಡಿಸಿದವರು ತಾವೆಂದು ಅಪ್ಪ ಹೇಳುತ್ತಿದ್ದರು. ನಿಜವೂ ಇರಬಹುದು. ಗೌರಿ ಹಬ್ಬದ ಮುನ್ನಾದಿನ ಆ ಬಾಗಿನಲ್ಲಿ ಬಸ್ಸು ನಿಲ್ಲುತ್ತಿತ್ತು. ವರ್ಷ ವರ್ಷಕ್ಕೂ ದಪ್ಪಗಾಗುತ್ತಿದ್ದ ಪಾತ್ರೆ ವ್ಯಾಪಾರಿಯೊಬ್ಬ ಚೀಲ ಹೊತ್ತು ಇಳಿಯುತ್ತಿದ್ದ. ಕಂಡಕ್ಟರು, "ಊರು ಇನ್ನೂ ಮುಂದೈತೆ ಕಣ್ರೀ ಯಜಮಾನ್ರೇ," ಎಂದರೆ, "ಗೊತ್ತು ನಡಿಯಪ್ಪಾ. ಮೊದ್ಲು ಅಣ್ಣನ ಮನೆಗೆ ಹೋಗಿ ಬರ್ಬೇಕು," ಎನ್ನುತ್ತಿದ್ದ.